ನಿದ್ದೆಯಲ್ಲಿ ಬರುವ ಫಿಟ್ಸ್, ಪಕ್ಕದಲ್ಲಿ ಮಲಗುವವರು

ಫಿಟ್ಸ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಸ್ ಸ್ಟ್ಯಾಂಡಿನಲ್ಲೋ ಮದುವೆ ಮನೆಯಲ್ಲೋ ಒಬ್ಬರು ಬಿದ್ದು ಒದ್ದಾಡುವುದು, ಸುತ್ತ ಜನ ಸೇರುವುದು, ಯಾರೋ ಬೀಗದಕೈ ಗೊಂಚಲು ತಂದು ಕೈಗೆ ತುರುಕುವುದು. ನಿದ್ದೆಯಲ್ಲಿ ಮಾತ್ರ ಫಿಟ್ಸ್ ಬರುವವರೂ ಇದ್ದಾರೆ ಅಂದರೆ ಎಷ್ಟೋ ಜನ ನಂಬುವುದೇ ಇಲ್ಲ. ನನ್ನ ತಮ್ಮ ಅಂಥವನು. ಹಗಲು ಹೊತ್ತಿನಲ್ಲಿ ಅವನಿಗೆ ಒಂದು ಸಲವೂ ಬಂದಿಲ್ಲ. ಕಾಲೇಜಿನ ಗೆಳೆಯರಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಅವನ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ನನಗೆ, ಆಮೇಲೆ ಅಮ್ಮನಿಗೆ.

ಅವನಿಗೇ ಗೊತ್ತಿರಲಿಲ್ಲ. ಈ ಕಾಯಿಲೆಯ ಕಷ್ಟ ಇರುವುದೇ ಅಲ್ಲಿ. ಹೊಟ್ಟೆನೋವು ಬಂದರೆ ನೋವು ಬಂದವನೇ ಹೇಳುತ್ತಾನೆ. ನಿದ್ದೆಯ ಫಿಟ್ಸ್‌ನಲ್ಲಿ ಹೇಳಬೇಕಾದವನು ಆಗ ಅಲ್ಲಿ ಇರುವುದೇ ಇಲ್ಲ, ಮಲಗಿರುತ್ತಾನೆ. ಕೆಲವರಿಗೆ ಅರ್ಧ ಎಚ್ಚರ ಇರುವುದುಂಟಂತೆ. ನಮ್ಮವನಿಗೆ ಅದೂ ಇಲ್ಲ. ಹಾಗಾಗಿ ಕಾಯಿಲೆ ಅವನದು, ಅದರ ನೆನಪು ನಮ್ಮದು. (ಇದನ್ನು ಬರೆಯಲು ಅವನ ಒಪ್ಪಿಗೆ ಇದೆ. ಹೆಸರು ಬೇಡ ಅಂದ, ಅಷ್ಟೇ.)

ಶುರುವಾದಾಗ ಅವನು ಪಿಯುಸಿ. ಹಾಸನದ ಮನೆಯಲ್ಲಿ ಇಬ್ಬರೂ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ಮೊದಲು ಗಂಟಲಿನಿಂದ ಒಂದು ಸದ್ದು, ಉಸಿರು ಒಳಗೆ ಎಳೆದುಕೊಂಡ ಹಾಗೆ. ಕಣ್ಣು ಪೂರ್ತಿ ತೆರೆದಿರುತ್ತಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಬಲಗೈ ಮೊಣಕೈ ಹತ್ತಿರ ಮಡಚಿ ಸೆಟೆದುಕೊಳ್ಳುತ್ತಿತ್ತು. ಆಮೇಲೆ ಎರಡೂ ಕಾಲು ಸೈಕಲ್ ತುಳಿದ ಹಾಗೆ ಆಡುತ್ತಿದ್ದವು. ಹೊದಿಕೆ ಗೋಡೆ ಸೇರುತ್ತಿತ್ತು. ಅರ್ಧ ನಿಮಿಷ ಇರಬಹುದು. ಅಷ್ಟರಲ್ಲಿ ನಿಂತುಬಿಟ್ಟು, ಮಗ್ಗುಲು ತಿರುಗಿ ಮಲಗುತ್ತಿದ್ದ. ‘ಏನಾಯ್ತೋ?’ ಅಂದರೆ, ‘ಏನು? ಮಲಕ್ಕೊಳ್ಳೋ ಅಣ್ಣ’ ಅನ್ನುತ್ತಿದ್ದ. ಕೆಲವು ರಾತ್ರಿ ಇದೇ ಆಟ ಮೂರು ನಾಲ್ಕು ಸಲ. ಪ್ರತಿ ಸಲವೂ ಅದೇ ಸದ್ದು, ಅದೇ ಬಲಗೈ, ಅದೇ ಕಾಲು.

ಅಪ್ಪ ಕನಸು ಅಂದರು. ಅಜ್ಜಿ ‘ಏನೋ ಸೋಕಿದೆ’ ಅಂತ ತಾಯತ ಕಟ್ಟಿಸಿದರು. ಮೊದಲು ತೋರಿಸಿದ ಡಾಕ್ಟರು ಪರೀಕ್ಷೆಯ ಟೆನ್ಷನ್ ಅಂದು ವಿಟಮಿನ್ ಮಾತ್ರೆ ಬರೆದುಕೊಟ್ಟರು. ಯಾರನ್ನೂ ದೂರುವ ಹಾಗಿಲ್ಲ. ಬೆಳಿಗ್ಗೆ ಎದ್ದು ಚೆನ್ನಾಗಿ ದೋಸೆ ತಿಂದು ಕಾಲೇಜಿಗೆ ಹೋಗುವ ಹುಡುಗನಿಗೆ ಕಾಯಿಲೆ ಇದೆ ಅಂತ ಯಾರು ತಾನೇ ಅಂದುಕೊಳ್ಳುತ್ತಾರೆ? ಒಂದು ರಾತ್ರಿ ಮಾತ್ರ ಅದು ಅರ್ಧ ನಿಮಿಷಕ್ಕೆ ನಿಲ್ಲಲಿಲ್ಲ. ಮೈಯೆಲ್ಲ ಸೆಟೆದು, ಆಮೇಲೆ ಅದುರಿ, ಬಾಯಲ್ಲಿ ನೊರೆ ಬಂತು. ಬೆಳಿಗ್ಗೆ ದಿಂಬಿನ ಮೇಲೆ ರಕ್ತದ ಕಲೆ, ಹಾಸಿಗೆ ಒದ್ದೆ, ನಾಲಿಗೆಯ ಪಕ್ಕದಲ್ಲಿ ಹಲ್ಲಿನ ಗಾಯ. ಯಾರೋ ಹೊಡೆದ ಹಾಗೆ ಮೈಕೈ ನೋವು ಅಂದ. ಅವತ್ತು ಮನೆಯವರೆಲ್ಲ ನಂಬಿದರು.

ಈ ಬೆಳಗಿನ ಗುರುತುಗಳನ್ನು ಒಬ್ಬರೇ ಮಲಗುವವರು ತಿಳಿದಿರಬೇಕು. ಪಿಜಿಯಲ್ಲಿ, ಬಾಡಿಗೆ ರೂಮಿನಲ್ಲಿ ಇರುವವರಿಗೆ ನೋಡಿ ಹೇಳುವವರು ಯಾರೂ ಇರುವುದಿಲ್ಲ. ಎದ್ದಾಗ ನಾಲಿಗೆಯ ಪಕ್ಕ ಕಚ್ಚಿರುವುದು, ದೊಡ್ಡವರಾದ ಮೇಲೆ ಹಾಸಿಗೆ ಒದ್ದೆಯಾಗುವುದು, ಕಾರಣವೇ ಇಲ್ಲದ ಮೈನೋವು ತಲೆನೋವು, ಮಂಚದಿಂದ ಕೆಳಗೆ ಬಿದ್ದಿರುವುದು, ಭುಜ ಜಾರಿರುವುದು. ಒಂದೊಂದಕ್ಕೂ ಬೇರೆ ಕಾರಣ ಇರಬಹುದು. ಎರಡು ಮೂರು ಒಟ್ಟಿಗೆ ಬಂದರೆ ಸುಮ್ನೆ ಇರಬಾರದು.

ಬೆಂಗಳೂರಿನ ನರರೋಗ ತಜ್ಞರ ಹತ್ತಿರ ಹೋದಾಗ ಅವರು ಮೊದಲು ನೋಡಿದ್ದು ನನ್ನ ಮೊಬೈಲನ್ನು. ಕತ್ತಲಲ್ಲಿ ತೆಗೆದ ವಿಡಿಯೋ, ಮುಕ್ಕಾಲು ಭಾಗ ಕಪ್ಪು. ಎರಡು ಸಲ ನೋಡಿದರು. ಆಮೇಲೆ ಪ್ರಶ್ನೆಗಳು. ಯಾವ ಕೈ ಮೊದಲು? ತಲೆ ಯಾವ ಕಡೆ ತಿರುಗುತ್ತೆ? ಮಲಗಿದ ಎಷ್ಟು ಹೊತ್ತಿಗೆ? ಮುಗಿದ ಮೇಲೆ ಮಾತಾಡ್ತಾನಾ? ತಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಬೇರೆ ಯಾರದೋ ಕತೆ ಕೇಳುವ ಹಾಗೆ ಕೇಳುತ್ತಿದ್ದ. ವಿಡಿಯೋ ತೋರಿಸಿದಾಗ ಮುಖ ಆ ಕಡೆ ತಿರುಗಿಸಿಕೊಂಡ.

ಇನ್ನೊಂದು ಪ್ರಶ್ನೆ ನಮಗೆ ಆಶ್ಚರ್ಯ ತಂದಿತು. ‘ತಲೆಗೆ ಬಿಸಿನೀರು ಹುಯ್ಕೊಳ್ಳುವಾಗ ಯಾವತ್ತಾದರೂ ಹೀಗೆ ಆಗಿದೆಯಾ?’ ಹಳೇ ಮೈಸೂರು ಕಡೆಯವರನ್ನು ಇದನ್ನು ಕೇಳಿಯೇ ಕೇಳುತ್ತಾರಂತೆ. ಚೊಂಬಿನಲ್ಲಿ ಸುಡುಸುಡು ನೀರು ತಲೆಯ ಮೇಲೆ ಹುಯ್ದುಕೊಳ್ಳುವಾಗ ಬರುವ ಫಿಟ್ಸ್ ನಮ್ಮ ಭಾಗದಲ್ಲಿ ಬೇರೆ ಕಡೆಗಿಂತ ಜಾಸ್ತಿ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮೂರ್ಛೆರೋಗದ ಅಧ್ಯಯನ ಮಾಡಿದ್ದರು, ಅದರಲ್ಲೂ ಈ ಬಿಸಿನೀರಿನ ಫಿಟ್ಸ್ ಕಂಡುಬಂದಿತ್ತು. ನಿಮ್ಹಾನ್ಸ್‌ನವರೂ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನಮ್ಮವನಿಗೆ ಅದು ಇರಲಿಲ್ಲ. ಆದರೂ ಅವತ್ತಿನಿಂದ ಅಮ್ಮ ಅವನ ಸ್ನಾನದ ನೀರಿಗೆ ಒಂದು ಬಕೆಟ್ ತಣ್ಣೀರು ಜಾಸ್ತಿ ಬೆರೆಸತೊಡಗಿದರು.

ರಾತ್ರಿ ಕೂಗುವುದು, ಒದೆಯುವುದು ಎಲ್ಲ ಫಿಟ್ಸ್ ಅಲ್ಲ. ಮಕ್ಕಳು ನಿದ್ದೆಯಲ್ಲಿ ಬೆಚ್ಚಿ ಚೀರುವುದುಂಟು. ಅದು ಸಾಮಾನ್ಯವಾಗಿ ಮಲಗಿದ ಮೊದಲ ಕೆಲವು ಗಂಟೆಗಳಲ್ಲಿ, ರಾತ್ರಿಗೆ ಒಂದು ಸಲ, ಕೆಲವು ನಿಮಿಷಗಳ ಕಾಲ. ವಯಸ್ಸಾದವರು ಕನಸಿನಲ್ಲಿ ಜಗಳ ಆಡುತ್ತಾ ನಿಜವಾಗಿಯೂ ಕೈ ಬೀಸುವುದುಂಟು. ಅದು ಬೆಳಗಿನ ಜಾವದ ಕಡೆಗೆ, ಎಬ್ಬಿಸಿದರೆ ಕನಸನ್ನು ಹೇಳುತ್ತಾರೆ. ತಮ್ಮನದು ಹೀಗಿರಲಿಲ್ಲ. ಚಿಕ್ಕದು, ರಾತ್ರಿಗೆ ಹಲವು ಸಲ, ಪ್ರತಿ ಸಲವೂ ಅಚ್ಚು ಒತ್ತಿದ ಹಾಗೆ ಒಂದೇ ಥರ. ಡಾಕ್ಟರು ಜಾಸ್ತಿ ಬೆಲೆ ಕೊಟ್ಟದ್ದು ಈ ಒಂದೇ ಥರ ಅನ್ನುವುದಕ್ಕೆ.

ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಗೆ ಮುಂಚಿನ ರಾತ್ರಿ ಅವನನ್ನು ಮಲಗಲು ಬಿಡಬಾರದು ಅಂದಿದ್ದರು. ಇಬ್ಬರೂ ಚಿಕ್ಕಮ್ಮನ ಮನೆಯ ಹಾಲ್‌ನಲ್ಲಿ ಟೀವಿ ಹಾಕಿಕೊಂಡು ಕೂತೆವು. ಬೆಳಿಗ್ಗೆ ಎಣ್ಣೆ ಇಲ್ಲದ, ತೊಳೆದ ತಲೆಯಲ್ಲಿ ಆಸ್ಪತ್ರೆಗೆ. ಟೆಕ್ನಿಷಿಯನ್ ಅಳತೆ ಟೇಪು ಹಿಡಿದು ತಲೆ ಅಳೆದು, ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಕೂದಲು ಬಿಡಿಸಿ ಬಿಡಿಸಿ ಪೇಸ್ಟ್ ಹಚ್ಚಿ ವೈರು ಅಂಟಿಸಿದರು. ಜೋರಾಗಿ ಉಸಿರಾಡು ಅಂದರು. ಕಣ್ಣ ಮುಂದೆ ಲೈಟು ಮಿಣುಕಿಸಿದರು. ಆಮೇಲೆ ಮಲಗು ಅಂದರು, ಅವನು ಗೊರಕೆ ಹೊಡೆದ. ಪೇಸ್ಟ್ ಹೋಗಲು ಎರಡು ಸಲ ತಲೆಸ್ನಾನ ಬೇಕಾಯಿತು. ರಿಪೋರ್ಟ್ ಬಂತು: ನಾರ್ಮಲ್. ಎಂಆರ್‌ಐ ಕೂಡ ನಾರ್ಮಲ್.

ಅಪ್ಪ ಸಿಹಿ ತಂದರು. ಡಾಕ್ಟರು ಮಾತ್ರ ನಗಲಿಲ್ಲ. ಹಣೆಯ ಹಿಂದಿನ ಮಿದುಳಿನ ಭಾಗದಿಂದ, ಅದರಲ್ಲೂ ಆಳದಿಂದ ಹೊರಡುವ ಫಿಟ್ಸ್ ತಲೆಯ ಮೇಲೆ ಅಂಟಿಸಿದ ವೈರಿಗೆ ಸಿಗದೇ ಹೋಗಬಹುದು, ಕೆಲವು ಸಲ ಫಿಟ್ಸ್ ಬರುತ್ತಿರುವಾಗಲೂ ಸಿಗದೇ ಇರಬಹುದು ಅಂದರು. ಇಇಜಿ ನಾರ್ಮಲ್ ಅಂದರೆ ಕಾಯಿಲೆ ಇಲ್ಲ ಅಂತ ಅಲ್ಲ. ಈ ಒಂದು ಮಾತು ಗೊತ್ತಿಲ್ಲದೆ ಚಿಕಿತ್ಸೆ ತಡವಾಗುವುದುಂಟು. ಆಮೇಲೆ ಅಡ್ಮಿಟ್ ಮಾಡಿಕೊಂಡು ಕ್ಯಾಮೆರಾ ಮತ್ತು ಇಇಜಿ ಎರಡನ್ನೂ ರಾತ್ರಿಯಿಡೀ ಓಡಿಸಿದ ಮೇಲೆ ಗೊತ್ತಾಯಿತು. ಹಿಂದೆ ಇದಕ್ಕೆ ನಾಕ್ಟರ್ನಲ್ ಫ್ರಂಟಲ್ ಲೋಬ್ ಎಪಿಲೆಪ್ಸಿ, ಅಂದರೆ ಮಿದುಳಿನ ಹಣೆಯ ಭಾಗದಿಂದ ರಾತ್ರಿ ಬರುವ ಫಿಟ್ಸ್, ಅನ್ನುತ್ತಿದ್ದರು. 2014ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ತಜ್ಞರು ಸೇರಿ ಸ್ಲೀಪ್ ರಿಲೇಟೆಡ್ ಹೈಪರ್‌ಮೋಟರ್ ಎಪಿಲೆಪ್ಸಿ, ಅಂದರೆ ನಿದ್ದೆಯಲ್ಲಿ ಕೈಕಾಲು ಜೋರಾಗಿ ಆಡುವ ಫಿಟ್ಸ್, ಅಂತ ಹೆಸರು ಬದಲಿಸಿದರು. ಕಾರಣ ಸರಳ: ಇದು ಬರುವುದು ರಾತ್ರಿ ಅಂತಲ್ಲ, ನಿದ್ದೆ ಅಂತ. ಮಧ್ಯಾಹ್ನ ಊಟ ಮಾಡಿ ಮಲಗಿದರೂ ಬರಬಹುದು. ಮಿದುಳಿನ ಹಣೆಯ ಭಾಗದಿಂದಲೇ ಹೊರಡಬೇಕು ಅಂತಲೂ ಇಲ್ಲ.

ನಿದ್ದೆಯಲ್ಲೇ ಯಾಕೆ? ಇದು ಹಳೇ ಪ್ರಶ್ನೆ. ಲಂಡನ್ನಿನ ವಿಲಿಯಂ ಗೋವರ್ಸ್ 1880ರ ದಶಕದಲ್ಲೇ ತನ್ನ ರೋಗಿಗಳ ಲೆಕ್ಕ ಹಾಕಿ, ಸುಮಾರು ಐದರಲ್ಲಿ ಒಬ್ಬರಿಗೆ ರಾತ್ರಿ ಮಾತ್ರ ಬರುತ್ತದೆ ಅಂತ ಬರೆದಿದ್ದ. ಜರ್ಮನಿಯ ಹ್ಯಾನ್ಸ್ ಬರ್ಗರ್ ಮನುಷ್ಯರ ಇಇಜಿ ಮೊದಲ ಸಲ ತೆಗೆದದ್ದು 1924ರಲ್ಲಿ. ಅಂದರೆ ಗೋವರ್ಸ್‌ಗೆ ಸಿಕ್ಕಿದ್ದು ಕಣ್ಣು, ಕಿವಿ ಮತ್ತು ಮನೆಯವರ ಮಾತು ಅಷ್ಟೇ. ಈಗ ನಮಗೆ ಇನ್ನೂ ಸ್ವಲ್ಪ ಗೊತ್ತು. ಕನಸಿಲ್ಲದ ನಿದ್ದೆಯಲ್ಲಿ ಮಿದುಳಿನ ಕೋಶಗಳು ಕೋಲಾಟದವರ ಹಾಗೆ ಒಂದೇ ತಾಳಕ್ಕೆ ಒಟ್ಟಿಗೆ ಹೊಡೆಯುತ್ತವೆ. ಎಲ್ಲರೂ ಒಂದೇ ತಾಳದಲ್ಲಿ ಇರುವಾಗ ಒಂದು ಮೂಲೆಯ ತಪ್ಪು ಹೊಡೆತ ಬೇಗ ಹರಡುತ್ತದೆ. ಕಣ್ಣುಗುಡ್ಡೆ ಓಡಾಡುವ, ಕನಸು ಬೀಳುವ ನಿದ್ದೆಯಲ್ಲಿ ಒಬ್ಬೊಬ್ಬರ ತಾಳ ಒಂದೊಂದು. ಅಲ್ಲಿ ಫಿಟ್ಸ್ ಅಪರೂಪ. ಅಪ್ಪ ಹೇಳಿದ ‘ಕನಸು’ ಇದಕ್ಕೆ ಪೂರ್ತಿ ಉಲ್ಟಾ.

ಡಾಕ್ಟರು ವಂಶದಲ್ಲಿ ಯಾರಿಗಾದರೂ ಇತ್ತಾ ಅಂತಲೂ ಕೇಳಿದರು. ಇಲ್ಲ ಅಂದೆವು. ಮನೆಗೆ ಬಂದ ಮೇಲೆ ಅಜ್ಜಿ, ‘ನಿಮ್ಮ ಚಿಕ್ಕಜ್ಜ ರಾತ್ರಿ ಕಿರುಚಿ ಗೋಡೆ ಒದೀತಿದ್ದ, ಅದಕ್ಕೇ ಅವನನ್ನ ಕಣದಲ್ಲಿ ಮಲಗಿಸ್ತಿದ್ರು’ ಅಂತ ಮಾತಿನ ಮಧ್ಯೆ ಹೇಳಿದರು. ಈ ಬಗೆಯ ಫಿಟ್ಸ್ ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ. ಅಂಥ ಒಂದು ಜೀನ್‌ನ ದೋಷವನ್ನು 1995ರಲ್ಲೇ ಆಸ್ಟ್ರೇಲಿಯಾದ ಒಂದು ಕುಟುಂಬದಲ್ಲಿ ಗುರುತಿಸಿದ್ದರು. ಮೂರ್ಛೆರೋಗಕ್ಕೆ ಮೊದಲು ಸಿಕ್ಕ ಜೀನ್ ಅದೇ. ಚಿಕ್ಕಜ್ಜನಿಗೂ ಇದೇ ಇತ್ತೋ, ಅವನು ಸುಮ್ನೆ ಕೋಪಿಷ್ಠನೋ, ಈಗ ಹೇಳುವವರು ಯಾರು!

ಎಲ್ಲರ ನಿದ್ದೆಯ ಫಿಟ್ಸೂ ತಮ್ಮನದರ ಹಾಗೆ ಇರುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಲ್ಲಿ ಒಂದು ಬಗೆ ಇದೆ. ನಿದ್ದೆಯಲ್ಲಿ ಬಾಯಿಯ ಒಂದು ಪಕ್ಕ ಸೊಟ್ಟಗಾಗಿ, ಜೊಲ್ಲು ಸುರಿದು, ಎಚ್ಚರ ಇದ್ದರೂ ಮಾತು ಹೊರಡುವುದಿಲ್ಲ. ನೋಡಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಮಕ್ಕಳು ಹದಿಹರೆಯ ದಾಟುವಷ್ಟರಲ್ಲಿ ಅದು ತಾನಾಗಿ ಹೋಗುತ್ತದೆ. ಇನ್ನೊಂದು ಬಗೆಯಲ್ಲಿ ಎದ್ದ ಸ್ವಲ್ಪ ಹೊತ್ತಿಗೆ ಕೈ ಜರ್ಕ್ ಹೊಡೆದು ಕಾಫಿ ಲೋಟವೋ ಬ್ರಷ್ಷೋ ಕೆಳಗೆ ಬೀಳುತ್ತದೆ. ನಿದ್ದೆಗೆಟ್ಟ ಮರುದಿನ ಜಾಸ್ತಿ. ಬೈದು ಸುಮ್ಮನಾಗುವ ಬದಲು ಅದನ್ನು ಡಾಕ್ಟರಿಗೆ ಹೇಳಬೇಕು, ಯಾಕೆಂದರೆ ಒಂದಕ್ಕೆ ಆಗುವ ಮಾತ್ರೆ ಇನ್ನೊಂದನ್ನು ಕೆಡಿಸಬಹುದು. ತಮ್ಮನಿಗೆ ಕೊಟ್ಟ ಕಾರ್ಬಮಜೆಪಿನ್, ಈ ಬೆಳಗಿನ ಜರ್ಕ್‌ನವರಿಗೆ ಕೊಟ್ಟರೆ ಜರ್ಕ್ ಜಾಸ್ತಿಯಾಗುವ ಸಾಧ್ಯತೆ ಇದೆ. ಪಕ್ಕದ ಮನೆಯವರ ಚೀಟಿ ನೋಡಿ ಮಾತ್ರೆ ತರುವ ಪದ್ಧತಿ ಇಲ್ಲಿ ನಡೆಯುವುದಿಲ್ಲ.

ತಮ್ಮನಿಗೆ ಮಲಗುವ ಮುಂಚೆ ಸಣ್ಣ ಡೋಸ್‌ನಲ್ಲಿ ಶುರು ಮಾಡಿದರು. ಮೊದಲ ಕೆಲವು ವಾರ ಮೈಮೇಲೆ ದದ್ದು ಎದ್ದರೆ ತಕ್ಷಣ ಫೋನ್ ಮಾಡಿ ಅಂತ ಎರಡೆರಡು ಸಲ ಹೇಳಿದ್ದರು. ದದ್ದು ಏಳಲಿಲ್ಲ. ರಾತ್ರಿಗಳು ಸದ್ದಿಲ್ಲದೆ ಕಳೆಯತೊಡಗಿದವು. ನಾನೇ ಎಚ್ಚರವಾಗಿ, ಯಾಕೆ ಇನ್ನೂ ಬಂದಿಲ್ಲ ಅಂತ ಕಾಯುತ್ತಿದ್ದೆ, ನೋಡಿ. ಎಲ್ಲರಿಗೂ ಇಷ್ಟು ಸುಲಭವಾಗಿ ಹಿಡಿತಕ್ಕೆ ಬರುವುದಿಲ್ಲ. ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರೆಯಿಂದ ಫಿಟ್ಸ್ ಪೂರ್ತಿ ನಿಲ್ಲುವುದಿಲ್ಲ. ಅಂಥವರಲ್ಲಿ ಕೆಲವರಿಗೆ ಆಪರೇಷನ್ ದಾರಿಯೂ ಇದೆ.

ಮಾತ್ರೆಯಷ್ಟೇ ಮುಖ್ಯ ನಿದ್ದೆ. ನಿದ್ದೆಗೆಟ್ಟರೆ ಫಿಟ್ಸ್ ಬರುತ್ತದೆ, ಫಿಟ್ಸ್ ಬಂದರೆ ನಿದ್ದೆ ಕೆಡುತ್ತದೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಾಗ ನೈಟ್ ಶಿಫ್ಟ್ ಬೇಡ ಅಂತ ಅವನು ಆಫೀಸಿನಲ್ಲಿ ಹೇಳಬೇಕಾಗಿ ಬಂದದ್ದು ಇದಕ್ಕೇ. ಅದಕ್ಕಿಂತ ಕಷ್ಟ ನಮ್ಮ ಮನೆಗಳ ಕ್ಯಾಲೆಂಡರ್. ಶಿವರಾತ್ರಿ ಜಾಗರಣೆ, ವೈಕುಂಠ ಏಕಾದಶಿಗೆ ಮೂರು ಗಂಟೆಗೆ ಎದ್ದು ಕ್ಯೂ, ಬ್ರಾಹ್ಮಿ ಮುಹೂರ್ತದ ಮದುವೆ, ನೈಟ್ ಬಸ್ಸಿನಲ್ಲಿ ಧರ್ಮಸ್ಥಳ. ಒಂದೊಂದಕ್ಕೂ ‘ಬರಲ್ಲ’ ಅನ್ನಬೇಕು, ಕಾರಣ ಹೇಳುವ ಹಾಗಿಲ್ಲ. ಮೊದಲ ಶಿವರಾತ್ರಿಗೆ, ಹಿಂದೆ ತಾಯತ ಕಟ್ಟಿಸಿದ್ದ ಅದೇ ಅಜ್ಜಿ, ‘ಈಶ್ವರ ಏನೂ ಅನ್ಕೊಳ್ಳಲ್ಲ, ನೀನು ಹೋಗಿ ಮಲಕ್ಕೋ ಮಗಾ’ ಅಂದುಬಿಟ್ಟರು. ಅಲ್ಲಿಗೆ ಮುಗಿಯಿತು. ಕುಡಿಯುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಜೋರು ಗೊರಕೆ, ಮಧ್ಯೆ ಉಸಿರು ಕಟ್ಟುವುದು ಇದ್ದರೆ ಅದನ್ನೂ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಚಿಕಿತ್ಸೆ ಆದರೆ ಎಷ್ಟೋ ಜನರಿಗೆ ಫಿಟ್ಸೂ ಕಮ್ಮಿಯಾಗುತ್ತದೆ.

ಈಗ ಯಾರೂ ಮಾತಾಡದ ವಿಷಯ. ಮೂರ್ಛೆರೋಗ ಇರುವವರು ಕೆಲವು ಸಲ ನಿದ್ದೆಯಲ್ಲೇ ತೀರಿಹೋಗುತ್ತಾರೆ. ಇಂಗ್ಲಿಷಿನಲ್ಲಿ ಇದನ್ನು ಸುಡೆಪ್ ಅನ್ನುತ್ತಾರೆ. ದೊಡ್ಡವರಲ್ಲಿ ವರ್ಷಕ್ಕೆ ಸಾವಿರಕ್ಕೆ ಒಬ್ಬರು, ಮಕ್ಕಳಲ್ಲಿ 4,500ಕ್ಕೆ ಒಬ್ಬರು ಅನ್ನುವುದು ಅಮೆರಿಕದ ನರರೋಗ ತಜ್ಞರ ಸಂಘ 2017ರಲ್ಲಿ ಕೊಟ್ಟ ಅಂದಾಜು. ಮೈಯೆಲ್ಲ ಸೆಟೆದು ಅದುರುವ ಫಿಟ್ಸ್ ಪದೇಪದೇ ಬರುವವರಿಗೆ, ಅದರಲ್ಲೂ ನಿದ್ದೆಯಲ್ಲಿ ಬರುವವರಿಗೆ, ಒಬ್ಬರೇ ಮಲಗುವವರಿಗೆ ಅಪಾಯ ಜಾಸ್ತಿ. ಹೀಗೆ ತೀರಿಹೋದವರಲ್ಲಿ ಹೆಚ್ಚಿನವರು ಬೋರಲಾಗಿ ಮಲಗಿದ ಸ್ಥಿತಿಯಲ್ಲಿ ಸಿಕ್ಕಿದ್ದಾರೆ. ಡಾಕ್ಟರು ಇದನ್ನು ಹೇಳಿದಾಗ ಅಮ್ಮ ಕೋಪ ಮಾಡಿಕೊಂಡರು. ‘ಇದನ್ನೆಲ್ಲ ಯಾಕೆ ಹೇಳ್ಬೇಕಿತ್ತು ಅವರು?’ ನನಗೆ ಮಾತ್ರ ಹೇಳಿದ್ದು ಸರಿ ಅನ್ನಿಸಿತು. ಆವರೆಗೆ ಮಾತ್ರೆ ಮರೆಯುತ್ತಿದ್ದ ಹುಡುಗ ಅವತ್ತಿನಿಂದ ಮರೆಯಲಿಲ್ಲ. ಕಾಯಿಲೆ ಹಿಡಿತದಲ್ಲಿದ್ದರೆ ಅಪಾಯ ತುಂಬಾ ಇಳಿಯುತ್ತದೆ ಅನ್ನುವುದನ್ನೂ ಅವರೇ ಹೇಳಿದ್ದು. ಅಮ್ಮನಿಗೆ ಆ ಅರ್ಧ ಕೇಳಿಸಿರಲಿಲ್ಲ.

ಆಮೇಲೆ ಮನೆಯಲ್ಲಿ ಮಲಗುವ ವ್ಯವಸ್ಥೆಯೇ ಬದಲಾಯಿತು. ದಪ್ಪ ದಿಂಬುಗಳು ಹೋದವು, ಕೋಣೆಯ ಚಿಲಕ ಒಳಗಿನಿಂದ ಹಾಕಬಾರದು ಅಂತಾಯಿತು. ಅಮ್ಮ ಬಾಗಿಲ ಹತ್ತಿರ ಚಾಪೆ ಹಾಸಿದರು. ಸಣ್ಣ ಸದ್ದಾದರೂ ಲೈಟ್ ಹಾಕುತ್ತಿದ್ದರು. ಅವನು ಕೆಮ್ಮಿದರೆ ಲೈಟ್, ಮಗ್ಗುಲಾದರೆ ಲೈಟ್. ಒಂದು ದಿನ ಅವನು ತಟ್ಟೆ ಮುಂದೆ ಕೂತವನು ಹೇಳಿಬಿಟ್ಟ: ‘ಅಮ್ಮಾ, ನಾನು ಮಲಗೋದನ್ನ ಎಲ್ಲರೂ ನೋಡ್ತಾ ಕೂತಿರ್ತೀರಿ. ನನಗೆ ನಾಚಿಕೆ ಆಗುತ್ತೆ.’ ಅಮ್ಮ ಅನ್ನ ಬಡಿಸುತ್ತಿದ್ದ ಕೈ ಅಲ್ಲೇ ನಿಲ್ಲಿಸಿದರು.

ಕಾವಲು ಬೇಕು ಅನ್ನುವುದು ನಿಜ. ರಾತ್ರಿ ಜೊತೆಯಲ್ಲಿ ಯಾರಾದರೂ ಇದ್ದರೆ ಅಪಾಯ ಕಮ್ಮಿ ಅನ್ನುವುದಕ್ಕೆ ಆಧಾರ ಇದೆ. ಆದರೆ ಕಾವಲು ಕಾಯುವವರೂ ಮನುಷ್ಯರು. ಅಮ್ಮನಿಗೆ ಆ ವರ್ಷ ಬಿಪಿ ಶುರುವಾಯಿತು. ಕೊನೆಗೆ ಒಂದು ರಾಜಿ ಆಯಿತು. ಒಂದೇ ಕೋಣೆಯಲ್ಲಿ ಒಬ್ಬರು ಮಲಗುವುದು, ಆದರೆ ಎಚ್ಚರ ಇರುವುದು ಬೇಡ, ಲೈಟ್ ಹಾಕುವುದು ಬೇಡ. ದೊಡ್ಡದು ಬಂದರೆ ಆ ಸದ್ದಿಗೆ ಹೇಗೂ ಎಚ್ಚರ ಆಗುತ್ತದೆ. ಬೆಂಗಳೂರಿಗೆ ಹೋದ ಮೇಲೆ ಅವನ ರೂಮ್‌ಮೇಟ್‌ಗೆ ಹೇಳಿಕೊಟ್ಟೆವು. ಕೈಗೆ ಕಟ್ಟುವ, ಫಿಟ್ಸ್ ಬಂದರೆ ಫೋನಿಗೆ ಸೂಚನೆ ಕಳಿಸುವ ವಾಚುಗಳೂ ಇವೆ. ಅವು ಹಿಡಿಯುವುದು ಮೈ ಅದುರುವ ದೊಡ್ಡ ಫಿಟ್ಸನ್ನು, ಅದೂ ಎಲ್ಲ ಸಲ ಅಲ್ಲ. ಜೊತೆಗೆ, ಸೂಚನೆ ಬಂದಾಗ ಓಡಿ ಬರಲು ಹತ್ತಿರದಲ್ಲಿ ಒಬ್ಬರು ಇರಲೇಬೇಕು. ಹಾಸನದಲ್ಲಿ ಅಮ್ಮನ ಫೋನ್ ಬಡಿದುಕೊಂಡರೆ ಬೆಂಗಳೂರಿನಲ್ಲಿ ಏನಾದೀತು?

ರೂಮ್‌ಮೇಟ್‌ಗೆ ಹೇಳಿಕೊಟ್ಟದ್ದು ಇಷ್ಟು. ಹಿಡಿದು ಅದುಮಬೇಡ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡ. ಕಬ್ಬಿಣ, ಈರುಳ್ಳಿ, ಚಪ್ಪಲಿ ಯಾವುದೂ ಬೇಡ, ಅದು ತಾನಾಗಿಯೇ ನಿಲ್ಲುತ್ತದೆ. ಗಡಿಯಾರ ನೋಡು. ಮುಖದ ಹತ್ತಿರದ ದಿಂಬು, ಹೊದಿಕೆ ತೆಗೆ. ಬೋರಲಾಗಿದ್ದರೆ ಪಕ್ಕಕ್ಕೆ ಹೊರಳಿಸು, ಜೊಲ್ಲು ಹೊರಗೆ ಹರಿಯಲಿ. 5 ನಿಮಿಷ ದಾಟಿದರೆ, ಅಥವಾ ಎಚ್ಚರ ಆಗುವ ಮುಂಚೆಯೇ ಇನ್ನೊಂದು ಬಂದರೆ 108ಕ್ಕೆ ಫೋನ್ ಮಾಡು. ಡಾಕ್ಟರು ಬರೆದುಕೊಟ್ಟಿರುವ ಮೂಗಿನ ಸ್ಪ್ರೇ ಮೇಜಿನ ಡ್ರಾಯರ್‌ನಲ್ಲಿದೆ. ನಿಂತ ಮೇಲೆ ಬಿಟ್ಟು ಹೋಗಬೇಡ, ಉಸಿರು ಸರಿಯಾಗಿ ಆಡುತ್ತಿದೆಯಾ ನೋಡು, ಮಾತಾಡಿಸು. ಬಿಹಾರದ ಹುಡುಗ, ನನ್ನ ಹರಕು ಹಿಂದಿಯನ್ನು ಅಷ್ಟೂ ಹೊತ್ತು ಗಮನ ಇಟ್ಟು ಕೇಳಿ, ಫೋನಿನಲ್ಲಿ ಬರೆದುಕೊಂಡ. ನಮ್ಮ ಸ್ವಂತ ನೆಂಟರು ಯಾರೂ ಅಷ್ಟು ಕೇಳಿಲ್ಲ.

ನೆಂಟರ ಮಾತು ಬಂದರೆ ಮದುವೆಯ ಮಾತೂ ಬರುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಿದ್ದುಪಡಿ ಮಾಡಿ ಹುಚ್ಚಿನ ಪಕ್ಕದಲ್ಲೇ ಮೂರ್ಛೆರೋಗವನ್ನೂ ಸೇರಿಸಿದ್ದರು. ಪದೇಪದೇ ಬರುವವರ ಮದುವೆ ಕಾನೂನಿನ ಕಣ್ಣಲ್ಲಿ ಅನರ್ಹ ಅನ್ನುವ ಹಾಗೆ. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಕಾನೂನಿನಿಂದ ಹೋಯಿತು, ಬ್ರೋಕರ್‌ಗಳ ಬಾಯಿಂದ ಹೋಗಿಲ್ಲ. ‘ರಾತ್ರಿ ತಾನೇ ಬರೋದು, ಯಾಕೆ ಹೇಳ್ತೀರಿ’ ಅಂದವರು ಒಬ್ಬರಲ್ಲ. ಇದಕ್ಕಿಂತ ದಡ್ಡ ಸಲಹೆ ನಾನು ಕೇಳಿಲ್ಲ. ಪಕ್ಕದಲ್ಲಿ ಮಲಗುವವಳಿಂದ ರಾತ್ರಿಯ ವಿಷಯ ಮುಚ್ಚಿಡುವುದಾ? ಮುಚ್ಚಿಟ್ಟವರು ಮಾತ್ರೆಯನ್ನೂ ಮುಚ್ಚಿಡಬೇಕಾಗುತ್ತದೆ, ಮಾತ್ರೆ ತಪ್ಪಿದ ರಾತ್ರಿ ಎಲ್ಲ ಬಯಲಾಗುತ್ತದೆ.

ನನ್ನ ತಮ್ಮ ಮಾತ್ರ ಹುಡುಗಿಗೆ ಮೊದಲ ಭೇಟಿಯಲ್ಲೇ ಹೇಳಿದ. ಹಿಂದೆ ಅವನು ಹಾಗೆ ಹೇಳಿದ ಮೇಲೆ ಇಬ್ಬರು ಹುಡುಗಿಯರು ತಿರುಗಿ ಫೋನ್ ಮಾಡಿರಲಿಲ್ಲ. ಇವಳು ಸ್ವಲ್ಪ ಹೊತ್ತು ಕಾಫಿ ಕಲಕಿ, ‘ಆವಾಗ ನಾನು ಏನ್ ಮಾಡ್ಬೇಕು?’ ಅಂತ ಕೇಳಿದಳಂತೆ. ಬೈಕ್ ಓಡಿಸ್ತೀರಾ ಅಂತಲೂ ಕೇಳಿದಳಂತೆ. ಓಡಿಸುವುದಿಲ್ಲ. ಲೈಸೆನ್ಸ್‌ಗೆ ಕೊಡುವ ಫಾರ್ಮ್ 1ರಲ್ಲಿ ಮೂರ್ಛೆರೋಗ ಇದೆಯಾ ಅಂತ ನೇರವಾಗಿ ಕೇಳುತ್ತಾರೆ, ಹಗಲೋ ನಿದ್ದೆಯೋ ಅಂತ ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ನಿದ್ದೆಯಲ್ಲಷ್ಟೇ ಬರುವವರಿಗೆ ಬೇರೆ ನಿಯಮವೇ ಇದೆ. ಇಲ್ಲೂ ಅಂಥದ್ದು ಬರಬೇಕು ಅನ್ನುವುದು ಅವನ ವಾದ. ಅಲ್ಲಿಯವರೆಗೆ ಮೆಟ್ರೋ.

ಮದುವೆಯಾದ ಮೇಲೆ, ಫಿಟ್ಸ್ ಬಂದದ್ದನ್ನೆಲ್ಲ ಬರೆದಿಡುತ್ತಿದ್ದ ನಮ್ಮ ಹಳೇ ನೋಟ್‌ಬುಕ್ ತಮ್ಮನ ಹೆಂಡತಿ, ಅಂದರೆ ನನ್ನ ನಾದಿನಿಯ ಕೈಗೆ ಹೋಯಿತು. ಯಾವ ದಿನ, ಎಷ್ಟು ಹೊತ್ತು, ಮಾತ್ರೆ ತಪ್ಪಿತ್ತಾ, ಜ್ವರ ಇತ್ತಾ, ಎಷ್ಟು ಗಂಟೆಗೆ ಮಲಗಿದ್ದ. ಬಹಳ ದಿನದಿಂದ ಅದರಲ್ಲಿ ಬರೆಯುವಂಥದ್ದು ಏನೂ ಆಗಿಲ್ಲ. ಹಾಗಾಗಿ ಈಗ ಮನೆಯಲ್ಲಿ ಹೊಸ ಜಗಳ: ಮಾತ್ರೆ ಕಮ್ಮಿ ಮಾಡಬಹುದಾ? ತಮ್ಮನಿಗೆ ನಿಲ್ಲಿಸುವ ಆಸೆ. ಅಮ್ಮ ಸುತಾರಾಂ ಬೇಡ ಅನ್ನುತ್ತಾರೆ. ಈ ಬಗೆಯಲ್ಲಿ ನಿಲ್ಲಿಸಿದರೆ ಮರಳಿ ಬರುವುದು ಜಾಸ್ತಿ, ಕಮ್ಮಿ ಮಾಡುವುದಾದರೂ ನಿಮ್ಮಷ್ಟಕ್ಕೆ ಮಾಡಬೇಡಿ, ತಿಂಗಳುಗಟ್ಟಲೆ ನಿಧಾನವಾಗಿ ಮಾಡಬೇಕು ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ. ನಾದಿನಿ ಮಾತ್ರ, ‘ಅವರಿಗೆ ಕೊನೇ ಸಲ ಬಂದಿದ್ದು ನಾನು ನೋಡಿಯೇ ಇಲ್ಲ ಭಾವ, ನಿಲ್ಲಿಸಿದ ಮೇಲೆ ಬಂದ್ರೆ ನನಗೆ ಗುರುತು ಸಿಗುತ್ತಾ?’ ಅಂತ ಕೇಳಿದಳು. ನನ್ನ ಹಳೇ ಫೋನಿನಲ್ಲಿ ಆ ವಿಡಿಯೋ ಇನ್ನೂ ಇದೆ. ಅವಳಿಗೆ ತೋರಿಸಲಾ ಅಂತ ತಮ್ಮನನ್ನು ಕೇಳಿದ್ದೇನೆ. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾನೆ.